ಗಾಜಿನ ಬಾಗಿಲಿನ ಪುಟ

ಅಚ್ಚುಕಟ್ಟಾದ ಗಂಡಸು ಮನೆಯಲ್ಲೊಬ್ಬನಿದ್ದರೆ ಹೆಂಗಸಿನ ಅರ್ಧ ಆಯುಸ್ಸು ತಾನಿಟ್ಟ ವಸ್ತು ಎಲ್ಲಿ ಹೋಯಿತೆಂದು ಹುಡುಕುವುದರಲ್ಲೇ ಮುಗಿಯುತ್ತದೆ. ಟೈಲರಮ್ಮನ ಪಾಡೂ ಅದೇ ಆಗಿತ್ತು. ಯಜಮಾನರು ಪ್ರೆಸ್ಸಿನಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ತಿರುಗುಮುರುಗಾದ ಅಕ್ಷರವನ್ನು ನಾವು ನೀವು ಪೇಪರ್ ಓದಿದ ಹಾಗೆ ಸರಾಗವಾಗಿ ಓದುತ್ತಿದ್ದರು. ಕೆಲಸದಿಂದ ನಿವೃತ್ತರಾದ ಮೇಲೆ ಜೋಡಿಸಲು ಮೊಳೆಯಿಲ್ಲದೆ ಮನೆಯನ್ನೇ ಜೋಡಿಸತೊಡಗಿದರು. ಚಮಚಗಳು ಎತ್ತರದ ಪ್ರಕಾರ ಸಾಲಾಗಿ ಮಲಗಿದವು. ಚಪ್ಪಲಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದವು. ಟೈಲರಮ್ಮನ ಕನ್ನಡಕ ಮಾತ್ರ ದಿನಕ್ಕೊಂದು ಹೊಸ ಜಾಗದಲ್ಲಿ ಸಿಗುತ್ತಿತ್ತು.

ಮಂಡಿ ನೋವು ತಡೆಯಲಾರದೆ ಆಕೆ ಹೊಲಿಗೆ ಅಂಗಡಿ ಮುಚ್ಚಿದ್ದಳು. ಆ ಜಾಗದಲ್ಲೀಗ ಬೇರೆ ಯಾರೋ ಫೋನ್ ರಿಪೇರಿ ಮಾಡುತ್ತಾರೆ, ಗಾಜಿನ ಬಾಗಿಲನ್ನೂ ಕಿತ್ತು ಕಬ್ಬಿಣದ್ದು ಹಾಕಿದ್ದಾರೆ. ಕೈಗೆ ಕೆಲಸವಿಲ್ಲದೆ ಆಕೆ ಲೈಬ್ರರಿಯ ಮಹಡಿಯಲ್ಲಿ ವಾರಕ್ಕೊಮ್ಮೆ ನಡೆಯುವ ಆರ್ಟ್ ಜರ್ನಲ್ ತರಗತಿಗೆ ಸೇರಿಕೊಂಡಳು. ಪುಟಕ್ಕೆ ಬಣ್ಣ ಬಳಿಯುವುದು, ಅದರ ಮೇಲೆ ಕಾಗದ, ಬಟ್ಟೆ ಚೂರು, ಗುಂಡಿ ಅಂಟಿಸುವುದು, ಆಮೇಲೆ ರಬ್ಬರಿನಲ್ಲಿ ತಾನೇ ಕೆತ್ತಿದ ಅಕ್ಷರಗಳನ್ನು ಶಾಯಿಗೆ ಅದ್ದಿ ಒತ್ತುವುದು. ಇಷ್ಟು ವರ್ಷ ಬೇರೆಯವರ ಅಳತೆಗೆ ಹೊಲಿದ ಕೈಗೆ ಮೊದಲ ಸಲ ತನ್ನದೇ ಅಳತೆಯ ಕೆಲಸ ಸಿಕ್ಕಿತ್ತು.

ಯಜಮಾನರು ಅದಕ್ಕೆ ಕಸದ ಪುಸ್ತಕ ಎಂದು ಹೆಸರಿಟ್ಟಿದ್ದರು.

"ಇದರಲ್ಲಿ ಒಂದು ಗೆರೆ ನೆಟ್ಟಗಿದ್ರೆ ತೋರ್ಸು ನೋಡೋಣ."

"ನೆಟ್ಟಗಿರೋದು ಬೇಕಿದ್ರೆ ಗೋಡೆ ನೋಡಿ."

"ಗೋಡೇನೂ ಸೊಟ್ಟಗಿದೆ. ಆ ಮೇಸ್ತ್ರಿ ಆವತ್ತೇ ಕೈ ಕೊಟ್ಟ."

ಮರುದಿನ ಲೈಬ್ರರಿಯ ಗೋಡೆಯ ಮೇಲೆ ಒಬ್ಬೊಬ್ಬರದು ಒಂದೊಂದು ಪುಟ ತೂಗುಹಾಕುವುದಿತ್ತು. ಹಿಂದಿನ ದಿನ ಸಂಜೆ ಬಾಗಿಲು ಹಾಕುವುದರೊಳಗೆ ತಂದುಕೊಡಿ, ತಡವಾದರೆ ನಿಮ್ಮ ಜಾಗ ಖಾಲಿ ಬಿಡುತ್ತೇನೆ ಎಂದು ಟೀಚರ್ ಎಲ್ಲರಿಗೂ ಹೇಳಿದ್ದಳು. ಟೈಲರಮ್ಮ ಆರಿಸಿಕೊಂಡದ್ದು ತನ್ನ ಅಂಗಡಿಯ ಪುಟವನ್ನು. ಹಳೆಯ ಅಳತೆ ಟೇಪಿನ ತುಂಡು, ಲೈನಿಂಗ್ ಬಟ್ಟೆಯಲ್ಲಿ ಕತ್ತರಿಸಿದ ಮಿಷನ್ನಿನ ಚಕ್ರ, ಅದರಾಚೆ ಬಟರ್ ಪೇಪರಿನ ಗಾಜಿನ ಬಾಗಿಲು, ಗಾಜಿನಾಚೆ ರಸ್ತೆಯ ದೀಪದ ಕಂಬ. ಬಾಗಿಲಿನ ಮೇಲೆ ಆ ಬೆಳಿಗ್ಗೆಯಷ್ಟೇ ಅಕ್ಷರ ಒತ್ತಿದ್ದಳು. ಬಟರ್ ಪೇಪರಿನ ಮೇಲೆ ಶಾಯಿ ಬೇಗ ಒಣಗುವುದಿಲ್ಲ. ಅದು ಒಣಗುವಷ್ಟರಲ್ಲಿ ಫ್ರೇಮಿಗೆ ರಟ್ಟು ತರೋಣವೆಂದು ಹೊರಟಳು.

"ಮುಟ್ಬೇಡಿ" ಎಂದಳು ಬಾಗಿಲಲ್ಲಿ ನಿಂತು.

"ನಾನ್ಯಾಕೆ ಮುಟ್ಲಿ" ಎಂದರು ಯಜಮಾನರು.

ವಾಪಸು ಬಂದಾಗ ಅವರು ತೋಳು ಮಡಚಿಕೊಂಡು ಮೇಜಿನ ಮುಂದೆ ಕೂತಿದ್ದರು. ಕೋಣೆಯೆಲ್ಲ ಅಂಟಿನ ವಾಸನೆ. ಮುಖದಲ್ಲಿ ಶಾಬಾಸ್‌ಗಿರಿಗೆ ಕಾದಿರುವ ಕಳೆ.

"ಗಾಬರಿ ಆಗ್ಬೇಡ. ಎಲ್ಲ ಸರಿ ಮಾಡಿದೀನಿ."

ಸಂಸಾರ ಮಾಡಿದವರಿಗೆ ಗೊತ್ತು, ಎದೆ ಧಸಕ್ಕೆನ್ನಲು ಇದಕ್ಕಿಂತ ದೊಡ್ಡ ಮಾತು ಬೇಕಿಲ್ಲ. ಟೈಲರಮ್ಮ ಚೀಲವನ್ನು ನೆಲಕ್ಕಿಳಿಸಿ ನೋಡಿದಳು. ಬಾಗಿಲಿನ ಮೇಲೆ ಬಿಳಿ ಕಾಗದದ ಒಂದು ಪಟ್ಟಿ. ಅದರ ಮೇಲೆ ಸ್ಕೇಲ್ ಹಿಡಿದು ಒತ್ತಿದ, ಒಂದು ಕೂದಲೆಳೆಯೂ ಆಚೀಚೆಯಾಗದ ಅಕ್ಷರಗಳು: ಒಳಗೆ ಬನ್ನಿ.

"ನೀನು ರಬ್ಬರಿನ ಮೇಲೆ ನೆಟ್ಟಗೆ ಕೆತ್ತಿದೀಯ" ಎಂದರು ಯಜಮಾನರು. "ಒತ್ತಿದಾಗ ಉಲ್ಟಾ ಬಿದ್ದಿದೆ. ಹೊಸಬರೆಲ್ಲ ಮಾಡೋ ತಪ್ಪೇ, ಬೇಜಾರ್ ಮಾಡ್ಕೋಬೇಡ. ನಾಳೆ ಅಷ್ಟು ಜನರ ಮುಂದೆ ನಗೆಪಾಟಲಾಗ್ಬಾರ್ದು ಅಂತ ನಾನೇ ಕೂತು ಕೆತ್ತಿದೆ."

ಅಕ್ಷರಗಳು ಕೆಟ್ಟದಾಗಿದ್ದರೆ ಬಾಯಿಗೆ ಬಂದಂತೆ ಬಯ್ಯಬಹುದಿತ್ತು. ಅವು ಮುತ್ತಿನ ಹಾಗಿದ್ದವು.

"ರೀ, ಅದು ಬಾಗಿಲು."

"ಗೊತ್ತು. ನಿನ್ನ ಅಂಗಡಿ ಬಾಗಿಲು. ದಿನಾ ಸಂಜೆ ನಿನ್ನ ಕರ್ಕೊಂಡು ಹೋಗಕ್ಕೆ ಬಂದಾಗ ನೋಡ್ತಿದ್ನಲ್ಲ. ಅಕ್ಷರ ನೆಟ್ಟಗೇ ಇತ್ತು."

"ನಿಮಗೆ ನೆಟ್ಟಗಿತ್ತು. ನೀವು ರಸ್ತೇಲಿ ನಿಂತಿರ್ತಿದ್ರಿ. ನಾನೆಲ್ಲಿ ಕೂತಿರ್ತಿದ್ದೆ?"

ಯಜಮಾನರು ಪುಟದ ಕಡೆ ಬಗ್ಗಿದರು. ಮಿಷನ್ನಿನ ಚಕ್ರ ಈಚೆಗೆ. ಬಾಗಿಲು ಆಚೆಗೆ. ರಸ್ತೆ ಅದರಾಚೆಗೆ. ಕಂಬದ ಬುಡದಲ್ಲಿ ಬೂದು ಬಣ್ಣದ ಪ್ಯಾಂಟಿನ ಗುಂಡಿಯೊಂದನ್ನು ಹೊಲಿದಿದ್ದಳು.

"ಇದೇನು?"

"ನೀವು."

"ನಾನು ಗುಂಡೀನಾ?"

"ಒಳಗಿಂದ ಅಷ್ಟೇ ಕಾಣ್ತಿದ್ರಿ." ಟೈಲರಮ್ಮ ಕುರ್ಚಿ ಎಳೆದು ಕೂತಳು. "ಇಷ್ಟು ವರ್ಷ ದಿನಾ ಆ ಎರಡು ಪದ ಓದಿದ್ರಲ್ಲ, ಒಂದು ದಿನ ಒಳಗೆ ಬಂದ್ರಾ?"

"ಹೆಂಗಸರು ಅಳತೆ ಕೊಡೋ ಜಾಗಕ್ಕೆ ನಾನು ಹೆಂಗೆ ನುಗ್ಗಲಿ? ಅದು ಗಿರಾಕಿಗಳಿಗೆ ಬರೆದಿದ್ದು ಅಂದ್ಕೊಂಡೆ."

ಅದೂ ನಿಜವೇ. ತಪ್ಪು ಮಾಡಿದ ಗಂಡಸು ಮಧ್ಯದಲ್ಲೊಂದು ಸರಿಯಾದ ಮಾತು ಆಡಿಬಿಟ್ಟರೆ ಜಗಳದ ಬುಡವೇ ಸಡಿಲವಾಗುತ್ತದೆ. ಟೈಲರಮ್ಮನಿಗೆ ಅದಕ್ಕೂ ಸಿಟ್ಟು ಬಂತು.

ಪಟ್ಟಿಯ ತುದಿಗೆ ಉಗುರು ಹಾಕಿ ಎಬ್ಬಿಸಿದಳು. ಯಜಮಾನರದು ಎಂದೂ ಅರೆಮನಸ್ಸಿನ ಕೆಲಸವಲ್ಲ, ಮೂಲೆಮೂಲೆಗೂ ಅಂಟು ಮೆತ್ತಿದ್ದರು. ಪಟ್ಟಿಯ ಜೊತೆಗೆ ಅರ್ಧ ಬಾಗಿಲೇ ಕಿತ್ತು ಬಂತು.

"ಸ್ವಲ್ಪ ನೀರು ಮುಟ್ಟಿಸಿದ್ರೆ..."

"ಕೈ ತೆಗೀರಿ."

ಹೊರಗೆ ಬಿಸಿಲು ಆಗಲೇ ಓರೆಯಾಗಿತ್ತು. ಹೊಸ ರಬ್ಬರು ತಂದು ಮತ್ತೆ ಕೆತ್ತುವಷ್ಟು ಹೊತ್ತು ಇರಲಿಲ್ಲ.

"ನಾನು ಕೆತ್ತಿದ ರಬ್ಬರೆಲ್ಲ ಎಲ್ಲಿ? ಕಸಕ್ಕೆ ಹಾಕಿದ್ರಾ?"

"ಕಸಕ್ಕೆ ಯಾಕೆ ಹಾಕ್ಲಿ? ಒಂದು ರಬ್ಬರಿಗೆ ಎರಡು ಮುಖ ಇರೋವಾಗ ಹೊಸದು ಯಾಕೆ ಹಾಳು ಮಾಡೋದು? ನಿನ್ನವುಗಳ ಹಿಂದೇನೇ ಕೆತ್ತಿದೆ."

ಮಗುಚಿ ನೋಡಿದಳು. ಅವಳ ಅಕ್ಷರಗಳು ಇದ್ದಂತೆಯೇ ಇದ್ದವು. ಹಳೆಯ ಲಕೋಟೆಯನ್ನೂ ಬಿಚ್ಚಿ, ಮಗುಚಿ, ಮತ್ತೆ ಬಳಸುವ ಈ ಮನುಷ್ಯನ ಜಿಪುಣತನವನ್ನು ಎಷ್ಟು ಹಳಿದಿದ್ದಳೋ ಲೆಕ್ಕವಿಲ್ಲ. ಇವತ್ತು ಆ ರಬ್ಬರುಗಳನ್ನು ಬಾಚಿಕೊಂಡು ಮೇಜಿನ ಮೇಲೆ ಹರಡಿದಳು.

ಅಡುಗೆಮನೆಯಿಂದ ಬಟರ್ ಪೇಪರ್ ಬಂತು, ಕತ್ತರಿ ಬಂತು, ಹೊಸ ಬಾಗಿಲು ಅಂಟಿತು. ಹೇರ್ ಡ್ರೈಯರ್ ಯಜಮಾನರ ಕೈ ಸೇರಿತು.

"ಹತ್ತಿರ ಹಿಡೀಬೇಡಿ, ಕಾಗದ ಸುರುಟ್ಕೊಳ್ಳುತ್ತೆ."

"ಇಷ್ಟು ದೂರ ಸಾಕಾ?"

"ಅದು ಪಕ್ಕದ ಮನೆಗೆ ಗಾಳಿ ಹಾಕಿದ ಹಾಗಾಯ್ತು."

ಅವಸರದಲ್ಲಿ ಟೈಲರಮ್ಮ ಎಡತುದಿಗೆ 'ಒ' ಒತ್ತಲು ಹೊರಟಳು. ಯಜಮಾನರು ಮಣಿಕಟ್ಟು ಹಿಡಿದರು.

"ಒಳಗಿಂದ ನೋಡಿದ್ರೆ ಕೊನೇ ಅಕ್ಷರ ಎಡಕ್ಕೆ ಬರುತ್ತೆ. 'ನ್ನಿ' ಮೊದಲು."

ಆಕೆ ರಬ್ಬರು ಬದಲಿಸಿದಳು. ಅವರು ಒಂದೊಂದೇ ಅಕ್ಷರ ಎತ್ತಿಕೊಟ್ಟರು, ಆಕೆ ಒತ್ತಿದಳು. 'ಗೆ' ಸ್ವಲ್ಪ ವಾಲಿತು. ಯಜಮಾನರ ಕೈ ತಾನಾಗಿ ಸ್ಕೇಲಿನ ಕಡೆ ಹೋಯಿತು.

"ಸ್ಕೇಲ್ ಕೆಳಗಿಡಿ."

ಇಟ್ಟರು.

ಲೈಬ್ರರಿಯ ಬಾಗಿಲು ಹಾಕುತ್ತಿದ್ದಾಗ ಪುಟ ಟೀಚರ್ ಕೈ ಸೇರಿತು. ಓಡಿಹೋಗಿ ಕೊಟ್ಟವರು ಯಜಮಾನರು. ಟೈಲರಮ್ಮನ ಮಂಡಿಗೆ ಆ ಓಟ ಆಗುವಂಥದ್ದಲ್ಲ.

ಮರುದಿನ ಗೋಡೆಯ ಮುಂದೆ ಜನ ಸೇರಿದರು. ಹೆಗಲಿಗೆ ಚೀಲ ಹಾಕಿಕೊಂಡ ಹೆಂಗಸೊಬ್ಬಳು ಕತ್ತು ಓರೆ ಮಾಡಿ, "ಅಯ್ಯೋ ಪಾಪ, ಅಕ್ಷರ ಎಲ್ಲ ಉಲ್ಟಾ ಆಗಿದೆ" ಎಂದಳು. ಟೈಲರಮ್ಮ ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಮುಂದೆ ನಿಂತಿದ್ದರು.

"ನೀವು ಎಲ್ಲಿ ನಿಂತು ನೋಡ್ತಿದೀರಿ, ಅದನ್ನ ಮೊದಲು ಹೇಳಿ. ಇದು ಅಂಗಡಿ ಒಳಗಡೆ. ಮಿಷನ್ ಹತ್ರ ಕೂತ್ಕೊಂಡು ನೋಡ್ಬೇಕು."

ಹುಟ್ಟಿದಾಗಿನಿಂದ ಆ ಮಿಷನ್ನಿನ ಹತ್ತಿರವೇ ಕೂತಿದ್ದವರ ಹಾಗಿತ್ತು ಧಾಟಿ. ಆ ಹೆಂಗಸು ಹೋದಳು, ಗಂಡಸೊಬ್ಬ ಬಂದ, ಪಾಠ ಮೊದಲಿನಿಂದ ಶುರುವಾಯಿತು. ತನ್ನ ಪುಟದ ಬಗ್ಗೆ ತಾನು ಒಂದು ಮಾತಾಡಲು ಟೈಲರಮ್ಮನಿಗೆ ಸಂದು ಸಿಗಲಿಲ್ಲ. ಅವಳು ಅವರ ಅಂಗಿಯ ತೋಳು ಜಗ್ಗಿದಳು.

"ರೀ, ಸಾಕು ಬನ್ನಿ."

"ಇರೇ, ಇವರಿಗೆ ಇನ್ನೂ ಕಂಬದ ಹತ್ರದ್ದು ತೋರಿಸಿಲ್ಲ."

ಅವರು ಬೂದು ಗುಂಡಿಯ ಕಡೆ ಬೆರಳು ಮಾಡಿದರು. "ಅದು ನಾನು" ಎಂದರು, ಗುರುತು ಪರಿಚಯವಿಲ್ಲದ ಆ ಮನುಷ್ಯನಿಗೆ. "ಹೊರಗಡೆ ನಿಂತಿದೀನಿ."