ದೊಡ್ಡ ಅಂಕಿಯ ಪೆಟ್ಟಿಗೆ

ಕೆನ್ನೆ ಊದಿಕೊಂಡಿದ್ದ ಮನುಷ್ಯ ಕೌಂಟರಿನ ಮೇಲೆ ಅಂಗೈಯಿಂದ ಬಡಿದ. "ಇನ್ನೆಷ್ಟು ಹೊತ್ತು? ಹಲ್ಲು ತಾನಾಗಿಯೇ ಉದುರಲಿ ಅಂತ ಕೂರಿಸಿದ್ದೀರಾ?"

"ಪೋಲೆ ಸಾನಾ," ಎಂದು ತನ್ನ ಭಾಷೆಯಲ್ಲಿ ಕ್ಷಮೆ ಕೇಳಿ, "ತಪ್ಪು ತಿಳೀಬೇಡಿ. ಇನ್ನೇನು ಬಂತು," ಎಂದಳು ಸಿಲ್ವಿಯಾ. ಅವಳ ಬೆರಳುಗಳು ಕೀಲಿಮಣೆಯ ಮೇಲೆ ಸಿದ್ಧವಾಗಿಯೇ ಇದ್ದವು. ಕಂಪ್ಯೂಟರ್ ತೆರೆಯ ನಡುವೆ ಮಾತ್ರ ಪುಟ್ಟ ಮರಳುಗಡಿಯಾರವೊಂದು ಯಾರ ಹಂಗೂ ಇಲ್ಲದೆ ಕೂತಿತ್ತು.

ಒಳಕೋಣೆಯ ಬಾಗಿಲು ತೆರೆದು ಡಾಕ್ಟರ್ ಚಿದಾನಂದ ಹೊರಗೆ ಬಂದರು. ಬೆಂಚಿನ ತುಂಬ ಕೂತಿದ್ದ ರೋಗಿಗಳಿಗೆಲ್ಲ ಕೇಳುವಂತೆ, ಇಂಗ್ಲಿಷಿನಲ್ಲಿ, "ನಿನ್ನ ಕೈ ಓಡೋದಿಲ್ಲ ಸಿಲ್ವಿಯಾ. ಎಷ್ಟು ಸಲ ಹೇಳೋದು? ಈ ತಿಂಗಳ ಕೊನೆಗೆ ನಾನು ಬೇರೆಯವರನ್ನ ನೋಡಿಕೊಳ್ತೇನೆ," ಎಂದವರೇ ಬಾಗಿಲು ಹಾಕಿಕೊಂಡರು.

ಸಿಲ್ವಿಯಾ ಮೇಜಿನ ಮೇಲಿದ್ದ ತನ್ನ ನೀಲಿ ಹೂವಿನ ಚಹಾ ಮಗ್ಗನ್ನು ಎತ್ತಿ ಒರೆಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಕಾಲ ಬಳಿಯಿದ್ದ ಚೀಲಕ್ಕೆ ಇಳಿಸಿದಳು. ಆಮೇಲೆ ಮತ್ತೆ ತೆರೆಯನ್ನೇ ನೋಡುತ್ತ ಕೂತಳು.

ಹಿಂದುಗಡೆ ಇಕ್ಕಳಗಳನ್ನು ತೊಳೆಯುತ್ತಿದ್ದ ಭಾರ್ಗವಿ ಇದೆಲ್ಲವನ್ನೂ ಕಂಡಳು. ಪರದೇಶದ ಈ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಹಲ್ಲಿನ ಕ್ಲಿನಿಕ್ಕಿಗೆ ಗಂಡ ಡಾಕ್ಟರಾದರೆ ಉಳಿದದ್ದೆಲ್ಲ ಅವಳೇ. ಹೋದ ತಿಂಗಳು ಅಜ್ಜಿ ತೀರಿಕೊಂಡಳೆಂದು ಸಿಲ್ವಿಯಾ ಊರಿಗೆ ಹೋದಾಗ ಆ ಕುರ್ಚಿಯಲ್ಲಿ ಕೂತವಳೂ ಅವಳೇ. ಆಗಲೂ ಇದೇ ಮರಳುಗಡಿಯಾರ, ಇದೇ ಗೊಣಗಾಟ. "ನಮ್ಮ ಮನೆಯವಳಿಗೆ ವಯಸ್ಸಾಯ್ತು, ಸ್ವಲ್ಪ ಸಹಿಸಿಕೊಳ್ಳಿ," ಎಂದು ಗಂಡ ನಗಾಡಿದ್ದರು, ರೋಗಿಗಳೂ ನಕ್ಕಿದ್ದರು. ಭಾರ್ಗವಿ ಅದನ್ನು ನಂಬಿದ್ದಳು. ಮನೆಗೆ ಬಂದು ಬೆರಳಿನ ಗೆಣ್ಣುಗಳಿಗೆ ಹರಳೆಣ್ಣೆ ಹಚ್ಚಿಕೊಂಡು ತಿಕ್ಕಿದ್ದಳು.

ಮಧ್ಯಾಹ್ನ ಡಾಕ್ಟರು ಕೈ ತೊಳೆಯಲು ಹೋದ ಹೊತ್ತಿಗೆ ಊದಿದ ಕೆನ್ನೆಯವನ ವಿಮೆಯ ಕಾಗದ ಇನ್ನೂ ಹೊರಬಂದಿರಲಿಲ್ಲ. ಗಂಡನ ಕೋಣೆಯ ಕಂಪ್ಯೂಟರಿನಲ್ಲಾದರೂ ತೆಗೆದುಕೊಡೋಣವೆಂದು ಭಾರ್ಗವಿ ಅಲ್ಲಿ ಕೂತಳು. ಹೆಸರು ಒತ್ತಿ, ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸುವಷ್ಟರಲ್ಲಿ ಎಕ್ಸ್‌ರೇ, ವಿಮೆಯ ಪುಟ ಎಲ್ಲ ಬಂದು ನಿಂತಿದ್ದವು. ಅವುಗಳ ಹಿಂದೆ ಅರ್ಧ ಆಡಿ ಬಿಟ್ಟ ಇಸ್ಪೀಟಿನ ಆಟ ಇಣುಕುತ್ತಿತ್ತು.

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು.

ಚಿದಾನಂದ ಚಪಾತಿ ಡಬ್ಬಿ ಬಿಚ್ಚುತ್ತಿದ್ದಾಗ ಅವಳು ಕೂರಲಿಲ್ಲ. "ರೀ, ನಿಧಾನ ಆಗ್ತಿರೋದು ಆ ಹುಡುಗಿಯಲ್ಲ. ಅವಳ ಮುಂದಿರೋ ಪೆಟ್ಟಿಗೆ."

"ಏನೇ ನಿಂದು? ಒಳ್ಳೇ ಮೆಷಿನ್ನೇ ಅವಳಿಗೆ ಕೊಟ್ಟಿರೋದು ನಾನು. ಬಾ, ತೋರಿಸ್ತೀನಿ." ಬಾಯಲ್ಲಿ ತುತ್ತಿಟ್ಟುಕೊಂಡೇ ಅವರು ಹೊರಗೆ ನಡೆದು, ಸಿಲ್ವಿಯಾಳ ಮೇಜಿನ ಕೆಳಗಿದ್ದ ಪೆಟ್ಟಿಗೆಯ ಚೀಟಿಗೆ ಬೆರಳಿಟ್ಟರು. "ಓದು. ಮೂರು ಗಿಗಾಹರ್ಟ್ಸ್ ಸ್ಪೀಡು. ನಂದು? ಒನ್ ಪಾಯಿಂಟ್ ಎಯ್ಟ್. ದೊಡ್ಡದನ್ನ ಅವಳಿಗೆ ಕೊಟ್ಟು ಸಣ್ಣದು ನಾನಿಟ್ಕೊಂಡೆ. ಇನ್ನೂ ನನ್ನೇ ಬೈತೀಯಲ್ಲ!"

"ನಿಮ್ಮದರ ಮೇಲೆ ಡ್ಯುಯಲ್ ಕೋರ್ ಅಂತ ಬರೆದಿದೆ. ಇದರ ಮೇಲೆ ಇಲ್ಲ."

"ಒಳಗೆ ಎರಡು ಮಿದುಳಿದ್ರೆ ಏನಾಯ್ತು, ಒಂದೊಂದರ ಸ್ಪೀಡು ಹೆಚ್ಚುಕಡಿಮೆ ಅರ್ಧ. ಸಿಂಪಲ್ ಲೆಕ್ಕ ಕಣೆ. ಬೇಕಾದ್ರೆ ಟೆಸ್ಟ್ ಮಾಡೋಣ, ಬಾ."

ಟೆಸ್ಟ್ ಅವರೇ ಮಾಡಿದರು. ಎರಡು ಯಂತ್ರಗಳಲ್ಲೂ ಎಲ್ಲ ಮುಚ್ಚಿಸಿದರು. ಕೋಣೆಯ ಬಾಗಿಲು ತೆರೆದಿಟ್ಟು, ಇಲ್ಲಿ ಸಿಲ್ವಿಯಾ ಅಲ್ಲಿ ಭಾರ್ಗವಿ ಒಂದೇ ಎಕ್ಸ್‌ರೇಯನ್ನು ಒಟ್ಟಿಗೆ ತೆರೆಯಬೇಕೆಂದರು. ತೆರೆದರು. ಎರಡೂ ಹೆಚ್ಚುಕಡಿಮೆ ಜೊತೆಜೊತೆಗೇ ಬಂದವು.

"ನೋಡಿದ್ಯಾ?" ಚಿದಾನಂದ ಕೈ ಝಾಡಿಸಿದರು. "ಮೆಷಿನ್ ಸರಿಯಾಗಿದೆ. ಮುಗೀತಲ್ಲ ನಿನ್ನ ತನಿಖೆ?"

ಸಿಲ್ವಿಯಾಳಿಗೆ ಕನ್ನಡ ಬರದು, ಆದರೆ ಆ ನಗು ಅರ್ಥವಾಗಿತ್ತು. ಅವಳು ಕಾಲಿನಿಂದ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಮುಗಿದಿಲ್ಲ," ಎಂದಳು ಭಾರ್ಗವಿ. "ಒಂದು ಎಕ್ಸ್‌ರೇ ತೆಗೆದು ನೋಡ್ತಾ ಕೂರೋದು ನಿಮ್ಮ ಕೆಲಸ. ಅವಳದ್ದಲ್ಲ." ಆಮೇಲೆ ಇಂಗ್ಲಿಷಿನಲ್ಲಿ, "ಸಿಲ್ವಿಯಾ, ಬೆಳಿಗ್ಗೆ ಬಂದ ತಕ್ಷಣ ಏನೇನು ತೆರೀತೀಯೋ ಎಲ್ಲ ತೆರಿ. ಒಂದನ್ನೂ ಬಿಡಬೇಡ. ನಾನೂ ಅದೇ ಮಾಡ್ತೀನಿ."

ಸಿಲ್ವಿಯಾ ಒಂದೊಂದೇ ಹೆಸರು ಹೇಳಿ ತೆರೆದಳು: ರೋಗಿಗಳ ಹೆಸರಿನ ಕಡತ, ವಿಮೆಯ ಪುಟ, ಇ-ಮೇಲ್. ಇವೆಲ್ಲದರ ಹಿಂದೆ, ದಿನವಿಡೀ ನಿಲ್ಲಿಸಬಾರದೆಂದು ಡಾಕ್ಟರೇ ಅಪ್ಪಣೆ ಮಾಡಿದ್ದ ವೈರಸ್ ತಪಾಸಣೆ. ಆಮೇಲೆ ಅದೇ ಎಕ್ಸ್‌ರೇ.

ಒಳಗಿನ ತೆರೆಯ ಮೇಲೆ ದವಡೆಯ ಹಲ್ಲುಗಳು ಬೆಳ್ಳಗೆ ಮೂಡಿದವು. ಹೊರಗೆ ಮರಳುಗಡಿಯಾರ. ಚಿದಾನಂದ ಸಿಲ್ವಿಯಾಳ ಮೌಸನ್ನು ಅಲ್ಲಾಡಿಸಿದರು. ಒತ್ತಿದರು, ಮತ್ತೆ ಒತ್ತಿದರು. ಊದಿದ ಕೆನ್ನೆಯವನು ಎದ್ದು ಬಂದು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದ. "ಡಾಕ್ಟರ್, ನಿಮ್ಮ ಕೈ ಸ್ವಲ್ಪ ಬೇಗ ಓಡಲಿ," ಎಂದ. ಬೆಂಚಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು.

"ಸರಿ ಸರಿ," ಚಿದಾನಂದ ಕುತ್ತಿಗೆ ಒರೆಸಿಕೊಂಡರು. "ಒಂದೇ ಕೋರು, ಎಲ್ಲಾ ಕೆಲಸಾನೂ ಸರದಿ ಮೇಲೆ ಮಾಡ್ತಿದೆ. ಯಾರಿಗ್ಗೊತ್ತಿತ್ತು! ಇರಲಿ ಬಿಡು, ಅವಳೇ ಮುಂದುವರೀಲಿ. ಮುಂದಿನ ವರ್ಷ ಒಂದು ಹೊಸದು ನೋಡೋಣ. ಅಲ್ಲೀವರೆಗೂ ಹೇಗೋ ಅಡ್ಜಸ್ಟ್ ಮಾಡ್ಕೊಳ್ಳಲಿ."

"ಅವಳಿಗೆ ಏನೂ ಹೇಳೋದಿಲ್ವಾ?"

"ಹೇಳಿದ್ನಲ್ಲ, ಮುಂದುವರೀಲಿ ಅಂತ."

"ನನಗೆ ಹೇಳಿದ್ರಿ. ಅದೂ ಕನ್ನಡದಲ್ಲಿ. ಬೈದಿದ್ದು ಇಂಗ್ಲಿಷಿನಲ್ಲಿ, ಇವರೆಲ್ಲರ ಮುಂದೆ."

ಅವರು ಗಡಿಯಾರ ನೋಡಿ, ಊಟ ಆರಿಹೋಯಿತೆಂದು ಒಳಗೆ ಹೋದರು.

ಭಾರ್ಗವಿ ಅವರ ಹಿಂದೆಯೇ ಹೋದಳು. ಗಂಡನ ಕಂಪ್ಯೂಟರನ್ನು ಆರಿಸಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಕೆಳಗೆ ಮಂಡಿಯೂರಿದಳು. ಒಂದೊಂದೇ ತಂತಿ ಕಿತ್ತಳು.

"ಏಯ್, ಏನು ಮಾಡ್ತಿದೀಯಾ? ನಾನು ಪೇಷಂಟ್‌ಗಳನ್ನ ಹ್ಯಾಗೆ ನೋಡ್ಲಿ?"

"ದೊಡ್ಡ ಅಂಕಿದು ತಂದ್ಕೊಡ್ತೀನಿ. ಅದರಲ್ಲಿ ನೋಡಿ." ಪೆಟ್ಟಿಗೆಯನ್ನು ಹೊಟ್ಟೆಗಾನಿಸಿಕೊಂಡು ಎದ್ದಳು. ಮಂಡಿ ಕಟಕಟ ಎಂದಿತು. ನೆರವಿಗೆ ಬಂದ ಗಂಡನ ಕೈಯನ್ನು ಮೊಣಕೈಯಿಂದ ತಳ್ಳಿ, ಬೆಂಚಿನವರ ಕಾಲುಗಳನ್ನು ದಾಟಿಕೊಂಡು ಮುಂದಿನ ಮೇಜಿಗೆ ಹೊತ್ತೊಯ್ದಳು.

ಮರುದಿನ ಬೆಂಚು ಬೇಗಬೇಗನೆ ಖಾಲಿಯಾಗುತ್ತ ಬಂತು. ಒಳಗಿನಿಂದ ಆಗಾಗ, "ಭಾರ್ಗವಿ, ಇದು ಮತ್ತೆ ಸಿಕ್ಕಾಕ್ಕೊಂಡಿದೆ ಕಣೆ!" ಎಂಬ ಕೂಗು ಕೇಳುತ್ತಿತ್ತು. ಯಾರೂ ಏಳಲಿಲ್ಲ.

ಹನ್ನೊಂದರ ಚಹಾವನ್ನು ಭಾರ್ಗವಿ ತಾನೇ ಕಾಸಿ, ಶುಂಠಿ ಹಾಕಿ ತಂದಳು. "ನಿನ್ನ ಮಗ್ಗು ಕೊಡು, ಸಿಲ್ವಿಯಾ."

ಸಿಲ್ವಿಯಾ ತೆರೆಯಿಂದ ಕಣ್ಣು ತೆಗೆಯಲಿಲ್ಲ. ರೋಗಿಗಳಿಗೆಂದು ನೀರಿನ ಹೂಜಿಯ ಪಕ್ಕ ಬೋರಲು ಹಾಕಿದ್ದ ಗಾಜಿನ ಲೋಟಗಳಲ್ಲಿ ಒಂದನ್ನು ಎಡಗೈಯಿಂದ ಎಳೆದು ಮುಂದಿಟ್ಟಳು.

"ಅಸಾಂಟೆ, ಮಾಮಾ. ಥ್ಯಾಂಕ್ಸ್ ಅಮ್ಮಾ, ಇದಕ್ಕೇ ಹಾಕಿ."

ಭಾರ್ಗವಿ ಲೋಟಕ್ಕೆ ಚಹಾ ಸುರಿದಳು. ಮೇಜಿನ ಕೆಳಗೆ, ಚೀಲದ ಬಾಯಿಂದ ಮಗ್ಗಿಗೆ ಸುತ್ತಿದ್ದ ಹಳೆಯ ಪೇಪರಿನ ತುದಿ ಹೊರಗೆ ಚಾಚಿಕೊಂಡಿತ್ತು.