ಐದೂವರೆ ಸಾವಿರ ಶೇಂಗಾಬೀಜ

ಮರಿಯಮ್ಮನಹಳ್ಳಿಯಲ್ಲಿ ಶೇಂಗಾ ಖರೀದಿ ಮಾಡುವ ಕೊಟ್ರಯ್ಯನವರ ತಕ್ಕಡಿಯ ಮೇಲೆ ಆಣೆ ಮಾಡುವವರೂ ಇದ್ದರು. ಮಗಳು ಶೈಲಜಾಗಂತೂ ಅಪ್ಪನ ಒಳ್ಳೆಯ ಹೆಸರೇ ಆಸ್ತಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವಾಗಲೂ ಆ ಹೆಮ್ಮೆ ಅವಳ ದನಿಯಲ್ಲಿ ಇಣುಕುತ್ತಿತ್ತು.

ಪಿಯುಸಿ ಮಕ್ಕಳಿಗೆ ಮೋಲ್ ಪಾಠ ಕಬ್ಬಿಣದ ಕಡಲೆ. ಕಣ್ಣಿಗೇ ಕಾಣದ ಅಣುವನ್ನು ಎಣಿಸುವುದು ಹೇಗೆಂದು ಕೇಳಿದರು. ಎಣಿಸುವುದಲ್ಲ, ತೂಗುವುದು ಎಂದಳು ಶೈಲಜಾ. ಒಂದು ಕಾಳಿನ ತೂಕ ಗೊತ್ತಿದ್ದರೆ ರಾಶಿಯ ತೂಕದಿಂದ ಕಾಳೆಷ್ಟೆಂದು ಹೇಳಬಹುದು. ಅಣುವಿಗೂ ಅದೇ ಲೆಕ್ಕ. ತೋರಿಸಿಯೇ ಬಿಡೋಣವೆಂದು ಮರುದಿನ ಶೇಂಗಾಬೀಜ ತಂದಳು. ಕಾಲೇಜಿನ ತಕ್ಕಡಿ ತೀರಾ ಚಿಕ್ಕದು. ಅಪ್ಪ ಹೊಸಪೇಟೆಗೆ ಹೋಗಿದ್ದರು. ಕೇಳುವುದೇನೆಂದು, ಅವರ ಅಂಗಡಿಯ ಒಳಕೋಣೆಯಲ್ಲಿ ರೈತರಿಂದ ಕೊಳ್ಳುವ ಮಾಲು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಎತ್ತಿಕೊಂಡು ಬಂದಳು. ಅಂಗಡಿಯ ಮುಂದೆ ಗಿರಾಕಿಗಳಿಗೆ ಮಾರಲು ಬೇರೆ ತಕ್ಕಡಿ ಇತ್ತು. ಎರಡೇಕೆಂದು ಅವಳು ಎಂದೂ ಯೋಚಿಸಿದವಳಲ್ಲ.

ನೂರು ಬೀಜ ಕಾಲೇಜಿನ ತಕ್ಕಡಿಯಲ್ಲಿ ನಲವತ್ತು ಗ್ರಾಂ ತೂಗಿದವು. ಅಪ್ಪನ ತಕ್ಕಡಿ ಎರಡು ಕಿಲೋ ತೋರಿಸುವವರೆಗೆ ಬೀಜ ಸುರಿದಳು. ಐದು ಸಾವಿರ ಇರಬೇಕೆಂದು ಬೋರ್ಡಿನ ಮೇಲೆ ಬರೆದು, ರಾಶಿಯನ್ನು ಮಕ್ಕಳಿಗೆ ಹಂಚಿ ಎಣಿಸಲು ಹೇಳಿದಳು. ಎಲ್ಲ ಕೂಡಿದರೆ ಐದೂವರೆ ಸಾವಿರ. ಅದಲುಬದಲು ಮಾಡಿ ಮತ್ತೆ ಎಣಿಸಿದರೂ ಅಷ್ಟೇ. ಶೈಲಜಾ ಅಪ್ಪನ ತಕ್ಕಡಿಯತ್ತ ತಿರುಗಿ ನೋಡಿದಳು.

ಪಲ್ಲವಿ ಎದ್ದು ನಿಂತಳು. ಪಾಲಿಗೆ ಹೊಲ ಮಾಡುವ ಕೆಂಚಣ್ಣನ ಮಗಳು. ಅವರ ಮನೆಯ ಶೇಂಗಾ ಪ್ರತಿವರ್ಷ ಬರುವುದು ಕೊಟ್ರಯ್ಯನವರ ಅಂಗಡಿಗೇ.

“ನಾವ ಎಣಿಸೋದ್ರಾಗ ತಪ್ಪೀವ್ರಿ ಮೇಡಂ. ನಮ್ಮಪ್ಪ ಮನ್ಯಾಗ ತೂಗಿ ತರೋದೂ ನಿಮ್ಮ ಅಂಗಡ್ಯಾಗ ಯಾವಾಗ್ಲೂ ಕಮ್ಮಿನ ಬರ್ತೈತ್ರಿ. ನಮ್ಮ ತಕ್ಕಡಿನ ಸರಿಯಿಲ್ಲ ಅಂತಾನ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಶೈಲಜಾಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಹೌದು, ಎಣಿಕೆ ತಪ್ಪು ಎಂದುಬಿಟ್ಟರೆ ತರಗತಿಯೆಲ್ಲ ನಂಬುತ್ತಿತ್ತು, ಅಪ್ಪನ ಹೆಸರೂ ಉಳಿಯುತ್ತಿತ್ತು. ಹಾಗೆ ಯೋಚಿಸಿದ್ದಕ್ಕೇ ಅವಳಿಗೆ ನಾಚಿಕೆಯಾಯಿತು.

“ಎಣಿಕಿ ಸರಿ ಐತಿ,” ಎಂದಳು. “ನಮ್ಮ ತಕ್ಕಡಿ ಸುಳ್ಳು ಹೇಳ್ತೈತಿ.”

ಐದು ಸಾವಿರವನ್ನು ಅಳಿಸಿ, ಎಣಿಕೆಯಿಂದ ತೂಕ ತೆಗೆಯುವುದು ಹೇಗೆಂದು ಬಿಡಿಸಿ ಬರೆದಳು. ಎರಡು ಕಿಲೋ ಇನ್ನೂರು ಗ್ರಾಂ ಬಂತು. ಮಕ್ಕಳು ಬರೆದುಕೊಂಡು ಪೆನ್ನು ಕೆಳಗಿಟ್ಟರು. ಪಲ್ಲವಿ ಮಾತ್ರ ಇನ್ನೂ ಬರೆಯುತ್ತಲೇ ಇದ್ದಳು. ಶೈಲಜಾ ಹತ್ತಿರ ಹೋಗಿ ಬಗ್ಗಿ ನೋಡಿದಳು. ಹುಡುಗಿ ಬೀಜ ಬಿಟ್ಟು ತಮ್ಮ ಮನೆಯ ಚೀಲಗಳ ಲೆಕ್ಕ ಹಿಡಿದಿದ್ದಳು. ಹೋದ ವರ್ಷದ್ದು ಮುಗಿಸಿ, ಅದರ ಹಿಂದಿನ ವರ್ಷಕ್ಕೆ ಬಂದಿದ್ದಳು.