ನಾಲಿಗೆ ಸಾಹೇಬರ ಪಥ್ಯ

ಚಹಾ ಕಂಪನಿಯಲ್ಲಿ ರುಚಿ ನೋಡುವುದೇ ಅವರ ಕೆಲಸವಾಗಿತ್ತು. ಹಾಗಾಗಿ ಗೋದಾಮಿನಲ್ಲೂ ಬೀದಿಯಲ್ಲೂ ಎಲ್ಲರ ಬಾಯಲ್ಲಿ ಅವರು ನಾಲಿಗೆ ಸಾಹೇಬರು. ಉದ್ದನೆಯ ಮೇಜಿನ ಮೇಲೆ ಸಾಲಾಗಿಟ್ಟ ಬಿಳಿ ಬಟ್ಟಲುಗಳಿಂದ ಒಂದೊಂದೇ ಚಮಚ ಚಹಾವನ್ನು ಸುರ್ರೆಂದು ಎಳೆದುಕೊಂಡು, ಬಾಯೊಳಗೆ ಹೊರಳಿಸಿ ಪಕ್ಕದ ಡಬ್ಬಕ್ಕೆ ಉಗಿದು, ಅದು ಯಾವ ತೋಟದ್ದು, ಎಲೆ ಒಣಗಿಸುವಾಗ ಎಲ್ಲಿ ಎಡವಟ್ಟಾಗಿದೆ ಎಂದು ಹೇಳಿಬಿಡುತ್ತಿದ್ದರು. ಅವರು ಮುಖ ಸಿಂಡರಿಸಿದರೆ ಆ ಮೂಟೆಗಳು ಬಂದ ದಾರಿ ಹಿಡಿಯುತ್ತಿದ್ದವು.

ಆ ನಾಲಿಗೆಯನ್ನು ಕಾಯುವ ಕೆಲಸ ಹೆಂಡತಿಯ ಕೊರಳಿಗೆ ಗಂಟುಬಿತ್ತು. ಮನೆಯೊಳಗೆ ಬೆಳ್ಳುಳ್ಳಿ ಕಾಲಿಡುವಂತಿರಲಿಲ್ಲ, ಈರುಳ್ಳಿ, ಹಸಿಮೆಣಸಿನಕಾಯಿ ತರುವಂತಿರಲಿಲ್ಲ. ಆಕೆ ಮುಖಕ್ಕೆ ಪೌಡರು ಹಚ್ಚಿದರೂ ಸಾಹೇಬರಿಗೆ ಮಾರನೆಯ ದಿನದ ಚಹಾ ಕೆಡುತ್ತಿತ್ತು. ತವರಿನಲ್ಲಿ ಬೆಳ್ಳುಳ್ಳಿ ಇಲ್ಲದೆ ತುತ್ತು ಎತ್ತದವಳು ಆಕೆ. ಹೋಗಲಿ, ಅದನ್ನು ಹೇಗೋ ನುಂಗಿಕೊಂಡಳು. ನುಂಗಲಾಗದ್ದು ಊಟದ ಹೊತ್ತು. ಮೇಜಿನ ಮೇಲೆ ಸೂಪಿನ ಬಟ್ಟಲಿಟ್ಟರೆ ಸಾಹೇಬರು ಗೋದಾಮಿನಲ್ಲಿ ಮಾಡಿದಂತೆಯೇ ಒಂದು ಚಮಚ ಎಳೆದು, ಬಾಯಲ್ಲಿ ಹೊರಳಿಸಿ, ಎದ್ದುಹೋಗಿ ತೊಟ್ಟಿಗೆ ಉಗಿದು ಬರುತ್ತಿದ್ದರು.

"ಕ್ಯಾರೆಟ್ ನಿನ್ನೇದು. ಪಾತ್ರೆ ಸರಿಯಾಗಿ ತೊಳೆದಿಲ್ಲ. ಇನ್ನೊಂದು ಸಲ ಮಾಡು."

ಆಕೆ ಇನ್ನೊಂದು ಸಲ ಮಾಡುತ್ತಿದ್ದಳು. ನೆಂಟರಿದ್ದರೂ ಅಷ್ಟೇ. ಮಗಳ ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಎದುರಿಗೂ ಒಮ್ಮೆ ಉಗಿದರು. ಆಟ ಎಂದುಕೊಂಡ ಆ ಮಕ್ಕಳೂ ಸಾಲಾಗಿ ನಿಂತು ಉಗಿದವು. ಆ ದಿನ ನೆಲ ಒರೆಸುತ್ತಾ ಆಕೆ ಅಳಲಿಲ್ಲ. ಅಲ್ಲಿಂದಾಚೆಗೂ ಆಕೆ ಅತ್ತದ್ದನ್ನು ಯಾರೂ ನೋಡಲಿಲ್ಲ.

ನಿವೃತ್ತಿಯಾದ ಮೇಲೆ ಸಾಹೇಬರ ಕಾಲು ಬಾತುಕೊಂಡಿತು. ಮುಖ ಹಿಟ್ಟಿನಂತೆ ಊದಿತು. ಎರಡೂ ಕಿಡ್ನಿ ಸೋಲುತ್ತಿವೆ ಎಂದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಪಕ್ಕದ ಕೋಣೆಗೆ, ಪಥ್ಯ ಹೇಳುವ ಹೆಂಗಸಿನ ಬಳಿ ಕಳಿಸಿದರು. ಸಾಹೇಬರು ಹೊರಗೆ ಬೆಂಚಿನ ಮೇಲೆ ಏದುಸಿರು ಬಿಡುತ್ತಾ ಕೂತಿದ್ದರಿಂದ ಆಕೆಯೊಬ್ಬಳೇ ಒಳಗೆ ಹೋದಳು.

"ಉಪ್ಪು ಪೂರ್ತಿ ಬಿಡಿಸಿ. ಆಲೂಗೆಡ್ಡೆ ಮಾಡೋದಾದ್ರೆ ಹೆಚ್ಚಿ ನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ ಬೇಯಿಸಿ. ಕುಡಿಯೋ ನೀರೂ ಅಳತೆ ಮೇಲೇ ಕೊಡಿ," ಎಂದಳು ಆ ಹೆಂಗಸು. ಆಮೇಲೆ ನಗುತ್ತಾ, "ಉಪ್ಪಿಲ್ಲ ಅಂದ್ರೆ ರುಚಿ ಇಲ್ಲ ಅಂತಲ್ಲಮ್ಮಾ. ಪುದೀನ, ಶುಂಠಿ, ಒಂಚೂರು ನಿಂಬೆರಸ, ಒಂದೆಸಳು ಬೆಳ್ಳುಳ್ಳಿ, ಹೆದರದೆ ಹಾಕಿ. ನಾಲಿಗೆ ಸತ್ತುಹೋದ್ರೆ ಊಟ ಸೇರಲ್ಲ, ಊಟ ಸೇರದಿದ್ರೆ ಮನುಷ್ಯ ಸೊರಗ್ತಾನೆ," ಎಂದಳು.

ಆಕೆ ಎಲ್ಲದಕ್ಕೂ ತಲೆಯಾಡಿಸಿದಳು. ಹೊರಗೆ ಬಂದು ಗಂಡನ ತೋಳು ಹಿಡಿದೆಬ್ಬಿಸಿದಳು.

"ಏನಂದ್ರು?"

"ಉಪ್ಪು ಬೇಡ ಅಂದ್ರು. ಒಗ್ಗರಣೆ, ಹುಳಿ, ಖಾರ, ಸೊಪ್ಪಿನ ವಾಸನೆ ಯಾವುದೂ ಬೇಡವಂತೆ."

"ಒಂಚೂರೂ?"

"ಒಂಚೂರೂ."

ಅಂದಿನಿಂದ ಒಲೆಯ ಮೇಲೆ ಎರಡು ಪಾತ್ರೆ. ಒಂದರಲ್ಲಿ ನೆನೆಸಿ, ನೀರು ಚೆಲ್ಲಿ ಬೇಯಿಸಿದ, ಬಣ್ಣಗೆಟ್ಟ ತರಕಾರಿಯ ಸೂಪು. ಇನ್ನೊಂದರಲ್ಲಿ ಬೆಳ್ಳುಳ್ಳಿ. ಅದನ್ನು ಆಕೆ ಸಣ್ಣ ಉರಿಯಲ್ಲಿ ಕೆಂಪಗೆ ಹುರಿಯುತ್ತಿದ್ದಳು, ಅವಸರವಿಲ್ಲದೆ, ಅಡುಗೆಮನೆಯ ಬಾಗಿಲು ತೆರೆದಿಟ್ಟು. ಘಮ ಹಜಾರ ದಾಟಿ ಮಂಚದವರೆಗೆ ಹೋಗುತ್ತಿತ್ತು. ಸಾಹೇಬರ ಕಿಡ್ನಿ ಸೋತಿತ್ತೇ ಹೊರತು ಮೂಗಲ್ಲ. ಅವರು ಬಟ್ಟಲನ್ನು ದೂಡಿದರೆ ಆಕೆ ಜೋರು ಮಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಮೃದುವಾಗಿ ಹೇಳುತ್ತಿದ್ದಳು. "ಬೇಡವಾದ್ರೆ ಬಿಡಿ. ಯಂತ್ರಕ್ಕೆ ಹಾಕಿ ರಕ್ತ ತೊಳೀತಾರಂತೆ. ಸೂಜಿ ಇಷ್ಟು ದಪ್ಪ ಇರುತ್ತಂತೆ." ಆಕೆ ತೋರಿಸುತ್ತಿದ್ದ ಬೆರಳು ಕಿರುಬೆರಳಲ್ಲ. ಸಾಹೇಬರು ಕಣ್ಣು ಮುಚ್ಚಿ ನುಂಗುತ್ತಿದ್ದರು. ಇಡಿಯಾಗಿ ನುಂಗುವ ಮಾತ್ರೆಗಳನ್ನೂ ಆಕೆ ಪುಡಿ ಮಾಡಿ ನೀರಲ್ಲಿ ಕದಡಿ ಕೊಡುತ್ತಿದ್ದಳು. ಕಹಿ ಬಾಯಿ ತುಂಬ ಹರಡುವುದನ್ನು ನಿಂತು ನೋಡುತ್ತಿದ್ದಳು. ಬಾಯಿ ತೊಳೆಯಲು ಕೇಳಿದರೆ, ಇವತ್ತಿನ ಪಾಲಿನ ನೀರು ಮುಗಿಯಿತು ಎನ್ನುತ್ತಿದ್ದಳು.

ಆಶ್ಚರ್ಯವೆಂದರೆ ಪಥ್ಯ ಹಿಡಿಯಿತು. ಬಾವು ಇಳಿಯಿತು, ರಕ್ತದೊತ್ತಡ ಹದಕ್ಕೆ ಬಂತು. ಡಾಕ್ಟರು ಬೇರೆ ರೋಗಿಗಳ ಮನೆಯವರನ್ನು ಕರೆದು ಆಕೆಯನ್ನು ತೋರಿಸಿದರು. "ಇವರನ್ನು ನೋಡಿ ಕಲೀರಿ." ಆಕೆ ಸೆರಗು ಸರಿಮಾಡಿಕೊಂಡು ನಿಂತಿದ್ದಳು. ಗಂಡ ಸಾಯಲಿ ಎಂದು ಆಕೆಗೆ ಎಂದೂ ಅನಿಸಿರಲಿಲ್ಲ. ಸತ್ತರೆ ಈ ಬಟ್ಟಲನ್ನು ಯಾರ ಮುಂದೆ ಇಡುವುದು?

ಬೇಸಿಗೆ ರಜೆಯಲ್ಲಿ ಮಗಳು ಬಂದಳು. ಅಮ್ಮನ ಮಂಡಿ ನೋಯುತ್ತಿತ್ತೆಂದು ಅಪ್ಪನನ್ನು ರಕ್ತಪರೀಕ್ಷೆಗೆ ತಾನೇ ಕರೆದುಕೊಂಡು ಹೋದಳು. ಮರಳಿದಾಗ ಅವಳ ಕೈಯಲ್ಲಿ ಪುದೀನದ ಕಟ್ಟು, ನಿಂಬೆಹಣ್ಣು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ನೇರ ಅಡುಗೆಮನೆಗೆ ಬಂದಳು.

"ಪುದೀನ ಹಾಕಿದ ಸೂಪ್ ಅಪ್ಪಂಗೆ ಹಿಡಿಸ್ತಾ ಇದ್ಯಾ ಅಂತ ಪಥ್ಯದವರು ಕೇಳಿದ್ರು, ಅಮ್ಮ."

ತಾಯಿ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಳು.

"ನಿಂಗೆ ಮೊದಲ ದಿನವೇ ಹೇಳಿದ್ರಂತೆ."

"ಹೇಳಿದ್ರು."

"ಮತ್ತೆ?"

"ನಿಮ್ಮಪ್ಪ ಇವತ್ತು ನಡ್ಕೊಂಡು ಬಂದ್ರೋ, ಎತ್ಕೊಂಡು ಬಂದ್ಯೋ?"

ಮಗಳು ಅಮ್ಮನನ್ನು ಪಕ್ಕಕ್ಕೆ ಸರಿಸಿ ತಾನೇ ಒಲೆ ಹಚ್ಚಿದಳು. ಶುಂಠಿ ಜಜ್ಜಿ, ತರಕಾರಿ ಬೇಯಿಸಿ, ಮೇಲೆ ಪುದೀನ ಹರಿದು ಹಾಕಿ, ನಿಂಬೆ ಹಿಂಡಿದಳು. ಉಪ್ಪು ಮುಟ್ಟಲಿಲ್ಲ. ಹಬೆಯಾಡುವ ಬಟ್ಟಲನ್ನು ಅಪ್ಪನ ಮುಂದಿಟ್ಟಳು.

ಸಾಹೇಬರು ಮೂಗರಳಿಸಿದರು. ಚಮಚ ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದರು.

"ತಿನ್ನಬಹುದಾ?"

ಆಕೆ "ನಿಮ್ಮಿಷ್ಟ," ಎಂದಳು.

ಸಾಹೇಬರು ಚಮಚ ಕೆಳಗಿಟ್ಟರು. "ಬೇಡಮ್ಮ. ನಂಗೆ ಆಗಿಬರಲ್ಲ."

"ಆಗುತ್ತಪ್ಪ. ಮೊದಲಿಂದ್ಲೂ ಆಗ್ತಿತ್ತು," ಎಂದಳು ಮಗಳು. ಅವಳ ಧ್ವನಿ ಒಡೆದಿತ್ತು. "ಅಮ್ಮ ಬೇಕಂತ್ಲೇ ಹಾಕಿಲ್ಲ. ನಿಮ್ಮ ಮೇಲಿನ ಸಿಟ್ಟಿಗೆ."

ಸಾಹೇಬರ ಮುಖ ಕೆಂಪಾಯಿತು. "ಯಾವಾಗಲೋ ಒಂದ್ಸಲ ಬಂದುಹೋಗೋಳು ನೀನು. ಅವಳ ಮೇಲೆ ಹೀಗೆಲ್ಲ ಹೇಳೋಕೆ ನಾಚಿಕೆಯಾಗಲ್ವ? ಅವಳಿಲ್ದೇ ಇದ್ದಿದ್ರೆ ನಾನು ಎಂದೋ ಮಣ್ಣಾಗ್ತಿದ್ದೆ. ಅವಳ ಕೈ ಊಟ ನನ್ನ ಉಳಿಸಿದೆ."

ಅವಳ ಕೈ ಊಟ. ಮದುವೆಯಾದಾಗಿನಿಂದ ಆಕೆ ಕಾದಿದ್ದ ಮಾತು. ಅದನ್ನು ಕೇಳಿದಾಗ ಒಳಗೇನಾದರೂ ಕರಗುತ್ತದೇನೋ ಎಂದು ಆಕೆ ಒಂದು ಗಳಿಗೆ ಕಾದಳು. ಏನೂ ಕರಗಲಿಲ್ಲ.

ಮಗಳು ಕಣ್ಣೊರೆಸಿಕೊಂಡು ಒಳಗೆ ಹೋಗಿ ಬಟ್ಟೆ ಜೋಡಿಸತೊಡಗಿದಳು. ಅಲಮಾರಿಯ ಬಾಗಿಲು ಧಡ್ ಎಂದಿತು. ಆಕೆ ಮಂಡಿ ಹಿಡಿದುಕೊಂಡು ಬಂದು ಗಂಡನ ಎದುರಿನ ಕುರ್ಚಿ ಎಳೆದು ಕೂತಳು. ಬಟ್ಟಲನ್ನು ತನ್ನ ಕಡೆಗೆ ಸರಿಸಿಕೊಂಡಳು.

"ತಣ್ಣಗಾದ್ರೆ ದಂಡ," ಎಂದು ತಿನ್ನತೊಡಗಿದಳು. ಮಗಳ ಕೈರುಚಿ ಚೆನ್ನಾಗಿತ್ತು. ಪುದೀನ ಹದವಾಗಿ ಬಿದ್ದಿತ್ತು. ಸಾಹೇಬರು ಆಕೆಯ ಚಮಚ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ಜೊಲ್ಲು ನುಂಗಿದರು.

"ಹೇಗಿದೆ?" ಎಂದು ಮೆಲ್ಲಗೆ ಕೇಳಿದರು.

ಆಕೆ ಬಟ್ಟಲಿನ ತಳ ಕೆರೆದು ತಿಂದು ಮುಗಿಸಿ, ಬಾಯೊರೆಸಿಕೊಂಡು, ಅವರ ಪಾಲಿನ ಸಪ್ಪೆ ಸೂಪನ್ನು ಬಿಸಿ ಮಾಡಲು ಎದ್ದಳು.